ಚಹಾ ಗಂಡೋ, ಹೆಣ್ಣೋ? ರಾವಸಾಹೇಬರೂ ನಮ್ಮ ಕಾಕಾನೂ

ಮರಾಠಿಯಲ್ಲಿ ಚಹಾ ಗಂಡು, ಕಾಫಿ ಹೆಣ್ಣು, ನೀರು ಎರಡೂ ಅಲ್ಲ. ಮಳೆ ಗಂಡು, ಬಸ್ಸು ಹೆಣ್ಣು. ಇದನ್ನು ಹುಟ್ಟಿದಾಗಿನಿಂದ ಕಿವಿಯಲ್ಲಿ ಹಾಕ್ಕೊಂಡವರಿಗೆ ಏನೂ ಅನಿಸೋದಿಲ್ಲ. ಆದ್ರೆ ಬೈಲಹೊಂಗಲ ಕಡೆಯ ಹಳ್ಳಿಯಿಂದ ಇಂಜಿನಿಯರಿಂಗ್ ಮುಗಿಸಿ ಪುಣೆಗೆ ನೌಕರಿಗೆ ಹೋದ ನನ್ನಂಥವನ ಪಾಡು ಕೇಳಬ್ಯಾಡ್ರಿ. ಕನ್ನಡದಲ್ಲಿ ಮನುಷ್ಯರು, ದೇವರು ಬಿಟ್ರೆ ಉಳಿದದ್ದೆಲ್ಲ 'ಅದು'. ಚಹಾ ಬಂತು, ಬಸ್ಸು ಬಂತು, ಮಳಿ ಬಂತು, ಎಲ್ಲಾ ಒಂದೇ ಲೆಕ್ಕ. ಪುಣೆಯಲ್ಲಿ ಮೊದಲ ವಾರ ನಾನು ಕ್ಯಾಂಟೀನಿನಲ್ಲಿ ನಿಂತು 'ಚಹಾ ಆಲೀ' ಅಂದೆ. 'ಆಲಾ' ಅನ್ನಬೇಕಿತ್ತು. ಟೀಮಿನವರೆಲ್ಲ ನಕ್ಕರು. ನಗಲಿ ಬಿಡ್ರಿ, ಕೆಟ್ಟ ಮಂದಿ ಅಲ್ಲ. ಸಾತಾರಾ ಕಡೆಯ ಒಬ್ಬ ಸಹೋದ್ಯೋಗಿ ಮಾತ್ರ ನಗಲಿಲ್ಲ. ಕಿವಿಗೆ ಇಯರ್‌ಫೋನ್ ಕೊಟ್ಟು, ನೀನು ಬೆಳಗಾವಿಯವನಲ್ಲಾ, ಹಂಗಾದ್ರೆ ಇದನ್ನ ಕೇಳಲೇಬೇಕು ಅಂತ ಒಂದು ಆಡಿಯೋ ಹಚ್ಚಿದ. ಅದು ಪು.ಲ. ದೇಶಪಾಂಡೆಯವರು ತಾವೇ ಓದಿದ 'ರಾವಸಾಹೇಬ'.

ನಮ್ಮಲ್ಲಿ ಪು.ಲ. ಅಂದ್ರೆ ಹಿರಿಯರಿಗೆ ಗೊತ್ತು, ನನ್ನ ವಯಸ್ಸಿನವರಿಗೆ ಅಷ್ಟಾಗಿ ಇಲ್ಲ. ಪುರುಷೋತ್ತಮ ಲಕ್ಷ್ಮಣ ದೇಶಪಾಂಡೆ 1919ರ ನವೆಂಬರ್ 8ರಂದು ಮುಂಬೈಯಲ್ಲಿ ಹುಟ್ಟಿದರು, 2000ದ ಜೂನ್ 12ರಂದು ಪುಣೆಯಲ್ಲಿ ತೀರಿಕೊಂಡರು. ನಡುವಿನ ಎಂಬತ್ತು ವರ್ಷದಲ್ಲಿ ಆ ಮನುಷ್ಯ ಏನು ಮಾಡಲಿಲ್ಲ ಅಂತ ಕೇಳೋದೇ ಸುಲಭ. ಹಾರ್ಮೋನಿಯಂ ಬಾರಿಸಿದರು, ನಾಟಕ ಬರೆದರು, 1953ರಲ್ಲಿ 'ಗುಳಾಚಾ ಗಣಪತಿ' ಅನ್ನುವ ಸಿನಿಮಾಕ್ಕೆ ಕಥೆ, ಸಂಗೀತ, ನಿರ್ದೇಶನ, ನಾಯಕನ ಪಾತ್ರ ಎಲ್ಲಾ ತಾವೇ ಮಾಡಿದರು. 1955ರಲ್ಲಿ ಆಕಾಶವಾಣಿ ಸೇರಿದರು. ಬಿಬಿಸಿಗೆ ತರಬೇತಿಗೆ ಹೋಗಿ ಬಂದರು, ಆ ಪ್ರವಾಸವನ್ನೂ ನಗಿಸುವ ಪುಸ್ತಕ ಮಾಡಿದರು. ದೆಹಲಿಯಲ್ಲಿ ಟೆಲಿವಿಷನ್ ಕಣ್ಣು ಬಿಟ್ಟ ಕಾಲದಲ್ಲಿ ಅಲ್ಲಿದ್ದು, ಪ್ರಧಾನಿ ನೆಹರೂ ಅವರನ್ನು ಕ್ಯಾಮೆರಾದ ಮುಂದೆ ಮಾತಾಡಿಸಿದರು. 'ಬಟಾಟ್ಯಾಚೀ ಚಾಳ' ಅನ್ನುವ ಪುಸ್ತಕವನ್ನು ಒಬ್ಬರೇ ರಂಗದ ಮೇಲೆ ನಿಂತು, ಇಡೀ ವಠಾರದ ಎಲ್ಲರ ದನಿಯಲ್ಲಿ ಆಡಿ ತೋರಿಸಿದರು. ಈಗಿನ ಸ್ಟ್ಯಾಂಡ್‌ಅಪ್ ಹುಡುಗರ ಮುತ್ಯಾ ಅನ್ನಬಹುದು. ಮತ್ತ ತಾವು ಕಂಡ ಮಂದಿಯ ಬಗ್ಗೆ ಬರೆದ ನೆನಪಿನ ಚಿತ್ರಗಳು, ಅದರಲ್ಲೂ 'ವ್ಯಕ್ತಿ ಆಣಿ ವಲ್ಲೀ'. ಇದಕ್ಕೆ 1965ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಇಷ್ಟೆಲ್ಲಾ ಮಾಡಿದವರು ಒಂದಷ್ಟು ಕಾಲ ನಮ್ಮ ಬೆಳಗಾವಿಯ ರಾಣಿ ಪಾರ್ವತಿದೇವಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದರು. ಆ ಆಡಿಯೋ ಕೇಳುವವರೆಗೂ ನನಗೆ ಇದು ಗೊತ್ತಿರಲಿಲ್ಲ. ಅವರ ತಾಯಿಯ ತವರಿನ ಅಡ್ಡಹೆಸರು ದುಭಾಷಿ, ಎರಡು ಭಾಷೆ ಆಡುವವರು. ಆ ಮನೆಯ ಅಜ್ಜ ರವೀಂದ್ರನಾಥರ ಗೀತಾಂಜಲಿಯನ್ನು ಮರಾಠಿಗೆ ತಂದವರು. ಮೊಮ್ಮಗ ಬೆಳಗಾವಿಗೆ ಬಂದದ್ದು ಸುಮ್ಮನೆ ಅಲ್ಲ ಅನಿಸ್ತದೆ.

ರಾವಸಾಹೇಬ ಅಂದರೆ ಬೆಳಗಾವಿಯ ಕೃಷ್ಣರಾವ ಹರಿಹರ. ಥೇಟರ್ ಮಾಲೀಕರು, ಸಂಗೀತದ ಹುಚ್ಚು, ನಾಟಕದ ಹುಚ್ಚು, ಮಂದಿಯನ್ನು ಕೂಡಿಸಿ ಉಣಿಸುವ ಹುಚ್ಚು. ಬಾಯಿ ತೆಗೆದರೆ ಬೈಗುಳ, ಆದ್ರೆ ಆ ಬೈಗುಳದಲ್ಲಿ ಸಿಟ್ಟು ಕಡಿಮೆ, ಸಲಿಗೆ ಜಾಸ್ತಿ. ಅವರ ಮರಾಠಿ ಹೆಂಗಿತ್ತಪಾ ಅಂದ್ರ, ಕನ್ನಡದ ಗಾಡಿಗೆ ಮರಾಠಿ ಎತ್ತು ಕಟ್ಟಿಧಂಗ. ಲಿಂಗ ಎಲ್ಲಾ ಅದಲು ಬದಲು, ರಾಗ ಪೂರಾ ನಮ್ಮದು. ಪು.ಲ. ಅದನ್ನು ಓದುವಾಗ ಒಂದು ಅಕ್ಷರ ತಿದ್ದುವುದಿಲ್ಲ. ಬೆಳಗಾವಿ ಹವಾದಲ್ಲಿ ಹುಟ್ಟಿದ ಆ ದನಿಯನ್ನು ಇದ್ದಂಗೇ ಇಡ್ತಾರೆ.

ನಾನು ಇಯರ್‌ಫೋನ್ ಹಾಕ್ಕೊಂಡಾಗ ಮೊದಲು ಮೈ ಬಿಗಿಯಾಯಿತು. ಮತ್ತೊಂದು ಸಲ ನಮ್ಮನ್ನ ನಗೆಗೀಡು ಮಾಡ್ತಾರಲ್ಲಾ ಅನಿಸಿತು. ಹತ್ತು ನಿಮಿಷ ಕಳೆದ ಮೇಲೆ ಗೊತ್ತಾತು, ಕಥೆಯಲ್ಲಿ ಸಣ್ಣವರಾಗೋದು ರಾವಸಾಹೇಬರಲ್ಲ. ಶುದ್ಧ ಮರಾಠಿ ಆಡುವ ಮಂದಿ ಅವರ ಮುಂದೆ ಸಪ್ಪಗೆ ಕಾಣ್ತಾರೆ. ಹೇಳುವ ಪು.ಲ. ಕೂಡ ಅವರ ಮುಂದೆ ಒಬ್ಬ ಸಣ್ಣ ಹುಡುಗನ ಹಂಗೆ ಕೂತಿರ್ತಾರೆ. ಇಷ್ಟು ನಗಿಸಿ ನಗಿಸಿ ಕೊನೆಗೆ ಬಂದು ನಿಲ್ಲೋದು ಆ ಗೆಳೆಯ ಈಗ ಇಲ್ಲ ಅನ್ನುವಲ್ಲಿ. ಅಲ್ಲಿ ಅವರು ದನಿ ಏರಿಸೋದಿಲ್ಲ, ಅಳೋದಿಲ್ಲ. ರೇಡಿಯೋದಲ್ಲಿ ಪಳಗಿದ ಮನುಷ್ಯನಿಗೆ ಮೌನ ಎಷ್ಟು ಉದ್ದ ಇರಬೇಕು ಅನ್ನೋದು ಗೊತ್ತಿರ್ತದೆ. ಬಹುಶಃ ಆ ಅಳತೆ ಬರೇ ಬರೆಯುವವರಿಗೆ ಸಿಗೋದಿಲ್ಲ.

ನಮ್ಮ ಕಡೆ ಭಾಷೆ ಹಿಂಗ್ಯಾಕ ಅಂತ ಪುಣೆಯವರಿಗೆ ಹೇಳಿ ಹೇಳಿ ನನಗ ಸಾಕಾಗ್ಯದ. ಬೆಳಗಾವಿ ಜಿಲ್ಲೆ 1956ರ ನವೆಂಬರ್ 1ರ ವರೆಗೆ ಮುಂಬೈ ರಾಜ್ಯದಲ್ಲಿತ್ತು. ರಾಮದುರ್ಗ ಅಂತೂ 1948ರ ವರೆಗೆ ಪ್ರತ್ಯೇಕ ಸಂಸ್ಥಾನ, ಆಳಿದವರು ಮರಾಠಿ ಆಡುವ ಭಾವೆ ಮನೆತನದವರು. ಹಂಗಾಗಿ ನಮ್ಮ ಮನಿಯಾಗ ಅಪ್ಪನ ತಮ್ಮ ಕಾಕಾ, ಅವನ ಹೆಂಡತಿ ಕಾಕಿ, ಮನಿಗೆ ಬರೋ ಬೀಗರು ಪಾವಣ್ಯಾರು. ಊಟ ಮಾಡೋದು ತಾಟಿನ್ಯಾಗ, ಕೆಲಸ ಸರಿ ಇದ್ರ ಬರೋಬರಿ. ಗಡಿ ಜಗಳದ ಮಾತು ನಾನಿಲ್ಲಿ ಎತ್ತೋದಿಲ್ಲ, ಅದಕ್ಕೆ ಟಿವಿ ಚಾನೆಲ್ಲುಗಳು ಇದ್ದೇ ಇವೆ. ಆದ್ರೆ ಕಿತ್ತೂರು ಚೆನ್ನಮ್ಮನ ಸಮಾಧಿ ಇರುವ ಊರಿನಲ್ಲಿ ಬೆಳೆದವನಿಗೂ ಅಡುಗೆಮನೆಯ ಶಬ್ದ ಅರ್ಧ ಮರಾಠಿಯವೇ ಆಗಿರ್ತಾವೆ. ಇದರಲ್ಲಿ ನಾಚಿಕೆ ಪಡೋದೇನಿಲ್ಲ. ಮರಾಠಿಯವರ ಅಡುಗೆಮನೆಯಲ್ಲೂ ನಮ್ಮ ಶಬ್ದ ಸಿಗ್ತಾವೆ, ಅವರು ಗುರುತಿಸೋದಿಲ್ಲ ಅಷ್ಟೆ.

ರಾವಸಾಹೇಬರನ್ನು ಕೇಳುವಾಗ ನನಗೆ ನೆನಪಾದದ್ದು ನಮ್ಮ ಕಾಕಾ. ಕೆಂಪು ಬಸ್ಸಿನ ಕಂಡಕ್ಟರ್. ಮೂವತ್ತು ವರ್ಷದ ಮೇಲೆ ಸರ್ವಿಸು. ಬೈಲಹೊಂಗಲ, ಸವದತ್ತಿ, ರಾಮದುರ್ಗ, ಕಿತ್ತೂರು, ಈ ನಾಲ್ಕು ಊರಿನ ನಡುವೆ ಅವರು ತಿರುಗಿದ ಲೆಕ್ಕ ಹಾಕಿದರೆ ಭೂಮಿ ಸುತ್ತಿ ಬಂದಾರು, ಆದ್ರೆ ಜಿಲ್ಲೆ ಬಿಟ್ಟು ಹೊರಗ ಹೋದದ್ದು ಕಡಿಮಿ. ಜಾತ್ರೆ ದಿನಗಳಲ್ಲಿ ಅವರ ಡ್ಯೂಟಿ ಎಲ್ಲಮ್ಮನ ಗುಡ್ಡಕ್ಕೆ. ಬನದ ಹುಣ್ಣಿವಿ, ಭಾರತ ಹುಣ್ಣಿವಿ ಬಂತಂದ್ರೆ ಗುಡ್ಡದ ರಸ್ತಾದ ಮೇಲೆ ಚಕ್ಕಡಿ, ಟ್ರ್ಯಾಕ್ಟರ್, ಟೆಂಪೋ, ಬಸ್ಸು ಎಲ್ಲಾ ಒಂದಕ್ಕೊಂದು ಅಂಟಿಕೊಂಡು ನಿಂತಿರ್ತಾವೆ. ಭಂಡಾರ ಹಾರಿ ಕಂಡಕ್ಟರನ ಖಾಕಿ ಅಂಗಿ ಹಳದಿ ಆಗ್ತದೆ. ಆ ಮಂದಿಯಲ್ಲಿ ಮಹಾರಾಷ್ಟ್ರದವರು ಭಾಳ. ಕೊಲ್ಲಾಪುರ, ಸಾಂಗಲಿ, ಸೊಲ್ಲಾಪುರ ಕಡೆಯಿಂದ ಬಂದವರ ಜೋಡಿ ಕಾಕಾ ಮರಾಠಿ ಆಡಬೇಕು. ಯಾವ ಸಾಲಿಯಲ್ಲೂ ಕಲಿತದ್ದಲ್ಲ, ಫುಟ್‌ಬೋರ್ಡಿನ ಮೇಲೆ ನಿಂತು ಕಲಿತದ್ದು.

2023ರ ಕಥೆ ಅವರ ಬಾಯಿಂದ ಕೇಳಬೇಕು. ಆ ವರ್ಷ ಜೂನ್ 11ರಿಂದ ನಮ್ಮಲ್ಲಿ ಶಕ್ತಿ ಯೋಜನೆ ಚಾಲೂ ಆತು. ಕರ್ನಾಟಕದ ಹೆಣ್ಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆ, ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಡಬೇಕು. ಅದೇ ವರ್ಷ ಮಾರ್ಚ್‌ನಲ್ಲಿ ಮಹಾರಾಷ್ಟ್ರ ತನ್ನ ಎಸ್‌ಟಿ ಬಸ್ಸಿನಲ್ಲಿ ಹೆಣ್ಮಕ್ಕಳಿಗೆ ಅರ್ಧ ಟಿಕೆಟ್ ಮಾಡಿತ್ತು. ಈಗ ಲೆಕ್ಕ ನೋಡ್ರಿ. ಒಂದೇ ಸೀಟಿನ ಮೇಲೆ ಇಬ್ಬರು ಅಜ್ಜಿಯರು. ಮುನವಳ್ಳಿ ಅಜ್ಜಿಗೆ ಸೊನ್ನಿ. ಕೊಲ್ಲಾಪುರದ ಅಜ್ಜಿಗೆ ತನ್ನ ರಾಜ್ಯದಾಗ ಅರ್ಧಾ, ಇಲ್ಲಿ ಪೂರಾ. ಆಕಿ ಕೇಳೋದರಲ್ಲಿ ತಪ್ಪೇನದ? ಅಕಿಗೂ ಮುಖ ಅದ, ನನಗೂ ಮುಖ ಅದ, ಇಬ್ಬರೂ ಹೊಂಟಿದ್ದು ಒಂದೇ ದೇವಿ ಹತ್ರ, ನನಗ್ಯಾಕ ರೊಕ್ಕ ಅಂತ ಜಗಳಕ್ಕೆ ನಿಂತಳಂತೆ. ಹಿಂದಿನಿಂದ ಡ್ರೈವರ್ ಹಾರ್ನ್, ಮುಂದಿನಿಂದ ಮಂದಿ ಗದ್ದಲ. ಕಾಕಾ ತಮಗೆ ತಿಳಿದ ಮರಾಠಿಯಲ್ಲಿ ತೀರ್ಪು ಕೊಟ್ಟರು.

"ಆಜ್ಜೀ, ತುಮಚಾ ದೇವಿ ಫುಕಟ, ಹಾ ಬಸ್ ಫುಕಟ ನಾಹೀ."

ನಿಮ್ಮ ದೇವಿ ಪುಕ್ಕಟೆ, ಬಸ್ಸು ಪುಕ್ಕಟೆ ಅಲ್ಲ ಅಂತ ಅರ್ಥ. ಆದ್ರೆ ದೇವಿಗೆ 'ತುಮಚೀ' ಅನ್ನಬೇಕು, ಬಸ್ಸಿಗೆ 'ಹೀ' ಅನ್ನಬೇಕು. ಕಾಕಾ ಒಂದೇ ಉಸಿರಿನಲ್ಲಿ ಇಬ್ಬರನ್ನೂ ಗಂಡಸು ಮಾಡಿಬಿಟ್ಟರು. ಅಜ್ಜಿ ಒಂದು ಕ್ಷಣ ಬಾಯಿ ತೆಗೆದು ನೋಡಿದಳಂತೆ. ಆಮೇಲೆ ಸೆರಗಿನ ಗಂಟು ಬಿಚ್ಚಿ ರೊಕ್ಕ ತೆಗೆದು, ಬಸ್ಸು ಗಂಡಸು ಆದ್ರ ಆಗಲಿ, ನನ್ನ ಆಯಿಗೆ ಮೀಸಿ ಹಚ್ಚಿದೆಲ್ಲೋ ಬಾಡ್ಯಾ, ತಗೋ ನಿನ್ನ ತಿಕೀಟಿನ ರೊಕ್ಕ ಅಂದಳಂತೆ. ಇಡೀ ಬಸ್ಸು ನಕ್ಕಿತು. ಮುನವಳ್ಳಿ ಅಜ್ಜಿಗೆ ಮರಾಠಿ ತಿಳಿಯದು, ಆಕೆಯೂ ನಕ್ಕಳು. ಗುಡ್ಡ ಇಳಿಯೋ ತನಕ ಇಬ್ಬರೂ ಅಜ್ಜಿಯರು ಎಲೆ ಅಡಿಕೆ ಹಂಚಿಕೊಂಡು ಹೋದರು ಅಂತ ಕಾಕಾ ಹೇಳ್ತಾರೆ. ಎಲೆ ಅಡಿಕೆ ಮಾತು ಕಾಕಾ ಸೇರಿಸಿದ್ದು ಅಂತ ನನ್ನ ಸಂಶಯ. ಕಥೆಗೆ ಬೇಕು, ಇರಲಿ.

ಆ ಕಾಕಾ ರಿಟೈರ್ ಆದ ವರ್ಷವೇ ದನಿ ಕೆಟ್ಟಿತು. ಮೊದಲು ಥಂಡಿ ಅಂದರು, ಆಮೇಲೆ ಧೂಳು ಅಂದರು. ಮೂರು ತಿಂಗಳಾದರೂ ಗಂಟಲು ಗೊಗ್ಗರು. ತಂಬಾಕು ಸುಣ್ಣ ತಿಕ್ಕಿ ಹಾಕ್ಕೊಳ್ಳೋ ಚಟ ಮೂವತ್ತು ವರ್ಷದ್ದು, ಹಂಗಾಗಿ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದ ಒಂದು ಮಾತು ಎಲ್ಲರ ತಲೆಯಲ್ಲೂ ಇತ್ತು. ನಾನು ರಜಾ ಹಾಕಿ ಬಂದೆ. ಧಾರವಾಡದ ದವಾಖಾನಿಯಲ್ಲಿ ಡಾಕ್ಟರು ಗಂಟಲೊಳಗೆ ಸಣ್ಣ ಕ್ಯಾಮೆರಾ ಬಿಟ್ಟು ನೋಡಿ, ಧ್ವನಿಪೆಟ್ಟಿಗೆ ಮೇಲೆ ಸಣ್ಣ ಗಂಟು ಬೆಳೆದದ, ತೆಗೆದು ಬಯಾಪ್ಸಿಗೆ ಕಳಿಸೋಣ ಅಂದರು. ಹೊರಗೆ ಬೆಂಚಿನ ಮೇಲೆ ಕೂತ ಕಾಕಾ ಆ ಶಬ್ದವನ್ನು ಬಾಯಲ್ಲಿ ಹೊರಳಿಸಿ ನೋಡಿ, ಗೊಗ್ಗರು ದನಿಯಲ್ಲೇ ಕೇಳಿದರು.

"ಏನಂದ್ರಲೇ ತಮ್ಮಾ ಡಾಕ್ಟರು? ಭಯಾಪ್ಸಿ?"

ನನಗೆ ನಗು ಬಂತು, ಜೊತೆಗೆ ಮೈ ಜುಂ ಅಂತು. ಕಾಕಾ ಬೀಚಿಯವರನ್ನು ಓದಿದವರಲ್ಲ. ಅವರ ಓದು ಅಂದ್ರೆ ಪೇಪರು, ಅದರಲ್ಲೂ ಸಾವಿನ ಜಾಹೀರಾತಿನ ಪುಟ. ಆದ್ರೆ ಇದೇ ಮಾತಿನ ಆಟ ಆಡಿ ಬೀಚಿ ತಮ್ಮ ಆತ್ಮಕಥೆಗೆ 'ನನ್ನ ಭಯಾಗ್ರಫಿ' ಅಂತ ಹೆಸರಿಟ್ಟಿದ್ದರು. ಬಯಾಗ್ರಫಿಯಲ್ಲಿ ಒಂದು ಅಕ್ಷರಕ್ಕೆ ಉಸಿರು ಕೊಟ್ಟರೆ ಸಾಕು, ಜೀವನಚರಿತ್ರೆಯೊಳಗಿನ ಭಯ ಹೊರಗೆ ಬರ್ತದೆ. ದವಾಖಾನಿ ಬೆಂಚಿನ ಮೇಲೆ ಕೂತಾಗ ಇದು ಬರೇ ಜೋಕು ಅನಿಸಲಿಲ್ಲ.

ಬೀಚಿ ಯಾರು ಅಂತ ಈ ಪುಟದ ಓದುಗರಿಗೆ ಹೇಳಬೇಕಿಲ್ಲ, ಆದ್ರೂ ನನ್ನ ವಯಸ್ಸಿನವರಿಗಾಗಿ ಎರಡು ಮಾತು. ರಾಯಸಂ ಭೀಮಸೇನರಾವ್, 1913ರ ಏಪ್ರಿಲ್ 23ರಂದು ಹರಪನಹಳ್ಳಿಯಲ್ಲಿ ಹುಟ್ಟಿದವರು. ಎಳೆತನದಲ್ಲೇ ತಂದೆ ತಾಯಿ ಇಬ್ಬರನ್ನೂ ಕಳಕೊಂಡು ಬಂಧುಗಳ ಆಸರೆಯಲ್ಲಿ ಬೆಳೆದರು. ಹೊಟ್ಟೆಪಾಡಿಗೆ ಪೊಲೀಸ್ ಇಲಾಖೆಯ ನೌಕರಿ. ಅ.ನ.ಕೃ. ಅವರ 'ಸಂಧ್ಯಾರಾಗ' ಓದಿ ಕನ್ನಡದ ಹುಚ್ಚು ಹತ್ತಿಸಿಕೊಂಡರು. ಹೆಸರು ಬರೆಯುವಾಗಲೂ ತಮಾಷೆ, 'ಬೀ' ಕನ್ನಡದಲ್ಲಿ, 'ಚಿ' ಇಂಗ್ಲಿಷ್ ಅಕ್ಷರದಲ್ಲಿ. 'ದಾಸಕೂಟ', 'ತಿಂಮನ ತಲೆ', 'ಅಂದನಾ ತಿಂಮ', ಶಬ್ದಕೋಶವನ್ನೇ ಗೇಲಿ ಮಾಡುವ 'ತಿಂಮಿಕ್ಷನರಿ', ರೇಡಿಯೋ ನಾಟಕಗಳು, 'ಸುಧಾ'ದಲ್ಲಿ ಓದುಗರ ಪ್ರಶ್ನೆಗೆ ಕೊಟ್ಟ ಉತ್ತರಗಳು. 1980ರ ಡಿಸೆಂಬರ್ 7ರಂದು ತೀರಿಕೊಂಡರು. ಪು.ಲ. ಬಗ್ಗೆ ಮಾತಾಡಿದ ಹಾಗೆ ಇವರ ಬಗ್ಗೆ ಮಾತಾಡಲು ಆಗೋದಿಲ್ಲ. ಪು.ಲ. ನಗುವಿನಲ್ಲಿ ಬೆಚ್ಚಗಿನ ಚಾದರ ಇದೆ. ಬೀಚಿ ನಗು ಸೂಜಿ. ಅನಾಥ ಮಗುವೊಂದು ಮಂದಿ ಮನೆಯ ಮೂಲೆಯಲ್ಲಿ ಕೂತು ದೊಡ್ಡವರ ಬಣ್ಣ ನೋಡಿದ ಕಣ್ಣು ಅದು ಅಂತ ನನಗೆ ಅನಿಸ್ತದೆ. ಮಡಿ, ಲಂಚ, ಸುಳ್ಳು ಭಕ್ತಿ ಯಾವುದನ್ನೂ ಅವರು ಬಿಡಲಿಲ್ಲ.

ರಿಪೋರ್ಟ್ ಬರಲು ಹತ್ತು ದಿನ ಅಂದಿದ್ದರು. ಗಂಟು ತೆಗೆದ ಮೇಲೆ ಒಂದು ವಾರ ಕಾಕಾ ಬಾಯಿ ಬಿಡಂಗಿಲ್ಲ, ಪಿಸುಮಾತು ಕೂಡ ಬ್ಯಾಡ, ಪಿಸುಮಾತಿಗೆ ಗಂಟಲು ಇನ್ನೂ ಹೆಚ್ಚು ಬಿಗೀತದ ಅಂದರು ಡಾಕ್ಟರು. ಮೂವತ್ತು ವರ್ಷ "ಒಳಗ ಸರೀರಿ, ಒಳಗ ಸರೀರಿ, ಒಳಗ ಖಾಲಿ ಐತಿ" ಅಂತ ಒದರಿದ ಮನುಷ್ಯನಿಗೆ ಬಾಯಿ ಮುಚ್ಚು ಅಂದ್ರೆ ಹೆಂಗಾಗಬೇಕು? ಕಾಕಿ ಒಂದು ನೂರು ಪುಟದ ನೋಟ್‌ಬುಕ್ ತಂದು ಕೊಟ್ಟಳು. ಚಹಾ ಬೇಕಾದ್ರ ಬರದು ತೋರಸ್ರಿ, ಊಟ ಬೇಕಾದ್ರ ಬರದು ತೋರಸ್ರಿ ಅಂದಳು. ಮೊದಲ ದಿನ ಆ ಪುಸ್ತಕದಲ್ಲಿ ಇದ್ದದ್ದು 'ಚಾ', 'ಉಪ್ಪ ಕಡಿಮಿ', 'ಟೀವಿ ಬಂದ ಮಾಡ' ಇಷ್ಟೇ. ಎರಡನೇ ದಿನ ನನ್ನನ್ನ ಕರೆದು ಒಂದು ಪುಟ ತೋರಿಸಿದರು. ಕೊಲ್ಲಾಪುರದ ಅಜ್ಜಿಯ ಕಥೆ. ಪೂರಾ ಒಂದು ಪುಟ, ಪೂರ್ಣವಿರಾಮ ಒಂದೂ ಇಲ್ಲ. ಬಸ್ಸು ನಿಲ್ಲಿಸಿದರೆ ಮತ್ತ ಎತ್ತಾಕ ಆಗೂದಿಲ್ಲ ಅನ್ನುವವರ ಹಂಗೆ ಬರೆದಿದ್ದರು.

ಆ ವಾರ ನಾನು ಮಾಳಿಗೆ ಮ್ಯಾಲೆ ಕೂತು ಬೀಚಿ ಓದಿದೆ, ಕೆಳಗೆ ಕಾಕಾ ಬರೆದರು. ರಾತ್ರಿ ಇಬ್ಬರಿಗೂ ನಿದ್ದಿ ಇಲ್ಲ. ಯಾರೂ ರಿಪೋರ್ಟಿನ ಸುದ್ದಿ ತೆಗೆಯುತ್ತಿರಲಿಲ್ಲ. ಒಂದಿನ ಬೆಳಗಾಮುಂಜಾನೆ ನೋಡ್ತೇನಿ, ಪುಸ್ತಕದ ಒಂದು ಪುಟದಲ್ಲಿ ಮೇಲೆ 'ಸ್ಟೇಜು', ಕೆಳಗೆ ಊರುಗಳ ಹೆಸರು ಬರೆದು, ಕೊನೆಗೆ ಇಷ್ಟಿತ್ತು: 'ಕಡೀ ಸ್ಟಾಪ ಎಲ್ಲಿ ಅಂತ ಕಂಡಕ್ಟರಗ ಗೊತ್ತಿಲ್ಲ, ಇಂಥಾ ಬಸ್ಸ ನಾ ನೋಡಿಲ್ಲ'. ಅದನ್ನು ಓದಿ ನಾನು ಹಿತ್ತಲಿಗೆ ಹೋಗಿ ಸ್ವಲ್ಪ ಹೊತ್ತು ನಿಂತೆ.

ಇಂಥ ನಗು ನಮ್ಮಲ್ಲಷ್ಟೇ ಹುಟ್ಟೋದಲ್ಲ. ಪುಣೆಯಿಂದ ನೂರಿಪ್ಪತ್ತು ಕಿಲೋಮೀಟರ್ ದೂರದ ಅಹಮದನಗರದಲ್ಲಿ, ಈಗ ಅಹಿಲ್ಯಾನಗರ ಅಂತಾರೆ, 1918ರಲ್ಲಿ ಬ್ರಿಟಿಷ್ ಸೈನಿಕನ ಮನೆಯಲ್ಲಿ ಹುಟ್ಟಿದ ಸ್ಪೈಕ್ ಮಿಲಿಗನ್ ಇಂಗ್ಲೆಂಡಿನ ರೇಡಿಯೋವನ್ನೇ ಅಲ್ಲಾಡಿಸಿದ ಹಾಸ್ಯಗಾರ. 1951ರಿಂದ 1960ರ ವರೆಗೆ ಬಿಬಿಸಿಯಲ್ಲಿ ನಡೆದ ಅವರ 'ದ ಗೂನ್ ಶೋ' ಪ್ರಸಿದ್ಧ. ಎರಡನೇ ಮಹಾಯುದ್ಧದಲ್ಲಿ ಇಟಲಿಯಲ್ಲಿ ಮಾರ್ಟರ್ ದಾಳಿಯ ಗಾಯ ತಿಂದು, ಮನಸ್ಸು ಕೆಟ್ಟು ಆಸ್ಪತ್ರೆ ಸೇರಿದವರು. ಮುಂದೆ ಜೀವಮಾನವಿಡೀ ಆ ಬೇನೆ ಬಿಡಲಿಲ್ಲ. ಅದೇ ಯುದ್ಧದ ನೆನಪನ್ನು 1971ರಿಂದ ಏಳು ಸಂಪುಟ ನಗಿಸುವ ಪುಸ್ತಕ ಮಾಡಿ ಬರೆದರು. ತೀರಿಕೊಂಡದ್ದು 2002ರಲ್ಲಿ. ಅವರ ಗೋರಿಕಲ್ಲಿನ ಮೇಲೆ ಐರಿಶ್ ಭಾಷೆಯಲ್ಲಿ, ನನಗೆ ಆರಾಮಿಲ್ಲ ಅಂತ ಮೊದಲೇ ಹೇಳಿದ್ದೆನಲ್ಲ ಅನ್ನುವ ಅರ್ಥದ ಮ��ತು ಕೆತ್ತಿದ್ದಾರೆ. ಈ ಕಥೆ ಹೇಳಿದಾಗ ಕಾಕಾ ಪುಸ್ತಕದಲ್ಲಿ ಬರೆದರು: 'ಈವ ನಮ್ಮ ಮನಿತಾನದಾಂವ'.

ಹತ್ತನೇ ದಿನ ರಿಪೋರ್ಟ್ ಬಂತು. ಕ್ಯಾನ್ಸರ್ ಅಲ್ಲ. ವರ್ಷಗಟ್ಟಲೆ ಒದರಿ ಒದರಿ ಧ್ವನಿತಂತಿ ಮೇಲೆ ಎದ್ದ ಗಂಟು ಅಷ್ಟೆ. ತಂಬಾಕು ಬಿಡಬೇಕು, ಇನ್ನು ಮುಂದೆ ದನಿ ಏರಿಸಿ ಮಾತಾಡಬಾರದು ಅಂದರು. ಕಾಕಿ ಸವದತ್ತಿ ಕಡೆ ಮುಖ ಮಾಡಿ ಕೈ ಮುಗಿದಳು. ಕಾಕಾಗೆ ಈಗ ದನಿ ಬಂದದೆ, ಆದ್ರೆ ಮೊದಲಿನದಲ್ಲ. ಪಡಸಾಲೆಯಲ್ಲಿ ಕೂತವರಿಗೆ ಕೇಳಿಸ್ತದೆ, ಅಂಗಳಕ್ಕೆ ಕೇಳಿಸೋದಿಲ್ಲ. ಜಾತ್ರೆಯಲ್ಲಿ ನೂರು ಮಂದಿಯನ್ನು ನಗಿಸಿದ ದನಿ ಈಗ ನಾಲ್ಕು ಮಂದಿಗೆ ಸೀಮಿತ. ಬರೆಯೋದು ಮಾತ್ರ ನಿಲ್ಲಲಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ನಾವು ಸಣ್ಣವರಿದ್ದಾಗ ಉತ್ತರ ಕರ್ನಾಟಕದ ಮಾತು ಅಂದ್ರೆ ಸಿನಿಮಾದಲ್ಲಿ ಕಾಮಿಡಿ ಪಾತ್ರಕ್ಕೆ ಮಾತ್ರ. ಹೀರೋ ಬೆಂಗಳೂರು-ಮೈಸೂರು ಕನ್ನಡ, ಅವನ ಹಿಂದೆ ಟೊಪ್ಪಿಗೆ ಹಾಕ್ಕೊಂಡು ಬರುವ ಪೆದ್ದ ನಮ್ಮ ಕನ್ನಡ. ಇದನ್ನು ತಿರುಗಿಸಿದವರಲ್ಲಿ ಗಂಗಾವತಿ ಪ್ರಾಣೇಶ ದೊಡ್ಡವರು. ಬೀಚಿ ಪುಸ್ತಕ ಓದಿಯೇ ಈ ದಾರಿಗೆ ಬಂದೆ ಅಂತ ಅವರೇ ಹೇಳಿಕೊಳ್ತಾರೆ, ಮಂದಿ ಅವರನ್ನು 'ಅಭಿನವ ಬೀಚಿ' ಅಂತಲೇ ಕರೀತಾರೆ. ವೇಷ ಇಲ್ಲ, ಬಣ್ಣ ಇಲ್ಲ. ಮೈಕಿನ ಮುಂದೆ ನಿಂತು ತಮ್ಮ ಊರಿನ ಮಾತಿನಲ್ಲೇ ಮದುವಿ, ಸಾಲಿ, ಬಸ್ಸು, ಮೊಬೈಲು ಅಂತ ಹೇಳ್ತಾ ಹೋಗ್ತಾರೆ. ಮೊದಲು ಕ್ಯಾಸೆಟ್ಟು, ಸಿ.ಡಿ., ಆಮೇಲೆ ಟಿವಿ, ಈಗ ಯೂಟ್ಯೂಬು. ಅಮೆರಿಕದ ಕನ್ನಡ ಸಂಘದವರೂ ಕರೆಸಿಕೊಳ್ತಾರೆ. ನಮ್ಮ ಊರ ಜಾತ್ರೆಯಲ್ಲಿ ಟ್ರ್ಯಾಕ್ಟರ್ ಮೇಲೆ ಸ್ಪೀಕರ್ ಕಟ್ಟಿ ಅವರ ಸಿ.ಡಿ. ಹಾಕಿದ್ದು, ಅಪ್ಪ ಕಣ್ಣೀರು ಬರೋ ಹಂಗ ನಕ್ಕದ್ದು ನನಗಿನ್ನೂ ನೆನಪದ. ನಗಿಸುವವನು ನಮ್ಮಂಗೇ ಮಾತಾಡ್ತಾನ, ಆದ್ರ ಪೆದ್ದ ಅಲ್ಲ ಅನ್ನೋದು ಅಂದು ಹುಡುಗನಾದ ನನಗೆ ದೊಡ್ಡ ಸಂಗತಿ. ಬೆಂಗಳೂರಿನ ಗೆಳೆಯರು ಈಗಲೂ 'ಪ್ರಾಣೇಶ್ ಥರ ಮಾತಾಡು' ಅಂತಾರೆ. ಗಂಗಾವತಿಯವರು 'ಮಾಡಕತ್ತೀನಿ' ಅಂತಾರೆ, ನಮ್ಮ ಬೆಳಗಾವಿ ಕಡೆ 'ಮಾಡಾತೇನಿ' ಅಂತೇವಿ. ಉತ್ತರ ಕರ್ನಾಟಕದ ಭಾಷೆ ಅಂತ ಒಂದು ಇಲ್ಲ, ಹತ್ತಿಪ್ಪತ್ತು ಅದಾವ ಅಂತ ಅವರಿಗೆ ತಿಳಿಸೋದು ಚಹಾದ ಲಿಂಗ ಕಲಿಯೋದಕ್ಕಿಂತ ಕಷ್ಟ.

ಹಾಸ್ಯ ಸಂಜೆಗಳ ಮ್ಯಾಲೆ ನನ್ನ ಒಂದು ತಕರಾರೂ ಇದೆ. ಯಾರದಂತ ಅಲ್ಲ, ಒಟ್ಟಾರೆ. ಹೆಂಡತಿ ಅಂದ್ರೆ ಜಗಳಗಂಟಿ, ಸೊಸಿ ಅಂದ್ರೆ ಮೊಬೈಲು, ಗಂಡ ಅಂದ್ರೆ ಪಾಪದವ ಅನ್ನೋ ಸರಕು ಎಷ್ಟು ವರ್ಷ ಮಾರೋದು? ಕಾಕಾನ ಪುಸ್ತಕದಲ್ಲಿ ಹೆಣ್ಮಕ್ಕಳೇ ಗೆಲ್ಲೋದು. ರೊಕ್ಕ ಕೊಟ್ಟೂ ಮಾತು ಗೆದ್ದ ಅಜ್ಜಿ, ಕೋಳಿಗೆ ಅರ್ಧ ಟಿಕೆಟ್ ಕೇಳಿದ್ದಕ್ಕೆ ಕೋಳಿಯನ್ನೇ ಕಾಕಾನ ಕೈಗೆ ಕೊಟ್ಟು ಇಳಿದುಹೋದ ರಾಮದುರ್ಗದ ಹೆಂಗಸು. ನಮ್ಮ ಕಡೆ ಶ್ರೀಕೃಷ್ಣ ಪಾರಿಜಾತ ಆಟದಲ್ಲಿ ದೂತಿ ಎಲ್ಲರ ಬಾಯಿ ಮುಚ್ಚಿಸ್ತಾಳಲ್ಲ, ಆ ಹಳೇ ಪದ್ಧತಿ ಇದು. ಸವದತ್ತಿ ತಾಲೂಕಿನ ಏಣಗಿಯಲ್ಲಿ ಹುಟ್ಟಿ ನೂರಾ ಮೂರು ವರ್ಷ ಬಾಳಿದ ಏಣಗಿ ಬಾಳಪ್ಪನವರ ಕಂಪನಿ ನಾಟಕಗಳನ್ನು ಕಾಕಾ ಹುಡುಗರಿದ್ದಾಗ ಎಷ್ಟು ಸಲ ನೋಡಿದರೋ. ಯಾವಾಗ ನಿಲ್ಲಿಸಿ ಮುಂದಿನ ಮಾತು ಆಡಬೇಕು ಅನ್ನೋದು ಅಲ್ಲಿಂದ ಬಂದಿರಬೇಕು.

ಈಗ ನಾನು ಶನಿವಾರ-ಆದಿತ್ಯವಾರ ಕಾಕಾನ ಬರಹವನ್ನು ಕಂಪ್ಯೂಟರಿಗೆ ಹಾಕ್ತಿದ್ದೇನೆ. ನೌಕರಿಯೇ ಸಾಫ್ಟ್‌ವೇರು, ಸುಲಭ ಅಂದುಕೊಳ್ತೀರಿ. ಫೋನಿಗೆ ಓದಿ ಹೇಳಿದರೆ ತಾನೇ ಬರೆದುಕೊಳ್ತದಲ್ಲ, ಆ ಸೌಲಭ್ಯ ಹಚ್ಚಿ ನೋಡಿದೆ. ಕಾಕಾ 'ಹೊಂಟೇನಿ' ಅಂದ್ರೆ ಅದು 'ಹೊಂಡ ನೀ' ಅಂತ ಬರೀತದೆ. 'ಐತಿ' ಅಂದ್ರೆ 'ಐದು' ಅಂತದೆ. ಮರಾಠಿ ಮಾತು ಬಂದರಂತೂ ಸುಮ್ಮನೆ ನಿಂತುಬಿಡ್ತದೆ. ಯಂತ್ರದ ತಪ್ಪಲ್ಲ, ಅದಕ್ಕೆ ನಾವು ಉಣಿಸಿದ ಕನ್ನಡದಲ್ಲಿ ಕಾಕಾ ಇಲ್ಲ. ಹಂಗಾಗಿ ಕೈಯಿಂದಲೇ ಒಂದೊಂದು ಅಕ್ಷರ ಒತ್ತಬೇಕು. 'ತಿಕೀಟ' ಅನ್ನೋದನ್ನು 'ಟಿಕೆಟ್' ಮಾಡಬೇಕೋ ಬ್ಯಾಡೋ ಅಂತ ಕೇಳಿದೆ.

"ನಾ ಮೂವತ್ತ ವರ್ಷ ಹರದದ್ದು ತಿಕೀಟ. ಟಿಕೆಟ್ ನಿಮ್ಮ ವಿಮಾನದಾಗ ಹರೀತಾರ" ಅಂದರು.

ಲಿಂಗ ತಪ್ಪಿದ ಮರಾಠಿಯನ್ನು ತಿದ್ದಲೇ ಅಂತಲೂ ಕೇಳಿದೆ, ಓದಿದವರು ನಗಬಹುದು ಅಂದೆ. ನಗಲಿ ಅಂತ ತಾನ ಬರದದ್ದು ಅಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ಆದ್ರ ಅಜ್ಜಿ ಮಾತು ಬರೋಬರಿ ಬರಿ, ಅಕಿ ಮರಾಠಿ ಭಾಳ ಛಲೋ ಇತ್ತು ಅಂದರು.

ಸಾತಾರಾದ ಗೆಳೆಯ ಕಳೆದ ಭಾರತ ಹುಣ್ಣಿಮೆಗೆ ನಮ್ಮ ಊರಿಗೆ ಬಂದಿದ್ದ. ಅವನ ಅವ್ವ ಎಲ್ಲಮ್ಮನ ಒಕ್ಕಲು. ಪಡಸಾಲೆಯಲ್ಲಿ ಕಾಕಾ ಮೆಲ್ಲಗೆ, ಗಂಟಲು ಕಾಯ್ದುಕೊಂಡು, ತಮ್ಮ ಮರಾಠಿಯಲ್ಲಿ ಅವರ ಜೋಡಿ ಮಾತಾಡಿದರು. ಗೆಳೆಯನ ಅವ್ವ ಮೊದಲು ಸೆರಗು ಅಡ್ಡ ಹಿಡಿದು ನಕ್ಕರು, ಆಮೇಲೆ ಸೆರಗು ಬಿಟ್ಟು ನಕ್ಕರು. ಹೋಗುವಾಗ ತಮ್ಮ ಊರಿಗೆ ಬರಬೇಕು ಅಂತ ಕಾಕಾ-ಕಾಕಿಗೆ ಆಹೇರಿ ಮಾಡಿ ಹೋದರು. ರಾವಸಾಹೇಬರನ್ನು ಕಾಕಾಗೆ ಕೇಳಿಸಿದ್ದೂ ಅಂದೇ. ಕಣ್ಣು ಮುಚ್ಚಿ ಪೂರಾ ಕೇಳಿದರು. ಎಲ್ಲಾ ಮುಗಿದ ಮೇಲೆ, ಈ ರಾವಸಾಹೇಬ್ರ ಮರಾಠಿಯೊಳಗ ತಪ್ಪ ಎಲ್ಲದಾವೋ ತಮ್ಮಾ, ನನಗೇನ ಕೇಳಿಸಲಿಲ್ಲಲ್ಲ ಅಂದರು. ಚಾಷ್ಟಿ ಮಾಡಿದರೋ, ಖರೇನ ಅಂದರೋ ಅಂತ ನಾನೂ ಗೆಳೆಯನೂ ಪುಣೆ ತನಕ ವಾದ ಮಾಡಿದೆವು.

ನೋಟ್‌ಬುಕ್ಕಿನಲ್ಲಿ ಈಗ ನಲವತ್ತೊಂದು ಪುಟ ತುಂಬ್ಯಾವೆ. ಊರ ಮಂದಿಯ ಹೆಸರು ಹಾಕಬ್ಯಾಡ, ಬಸ್ಸಿನ ನಂಬರ್ ಹಾಕು ಅನ್ನೋದು ಕಾಕಾನ ಕರಾರು. ಕೋಳಿ ಕೈಗೆ ಬಂದ ಮೇಲೆ ಏನಾತು ಅನ್ನೋದನ್ನ ಮಾತ್ರ ಇನ್ನೂ ಬರೆದಿಲ್ಲ. ಕೇಳಿದ್ರೆ, ಕಾಕಿ ಮನಿಯಾಗ ಇಲ್ಲದಾಗ ಬರೀತೇನಿ ಅಂತಾರೆ.